ಮುದ್ಗರದ ಮೇಲಿನ ಸಹಿ

ಕಂಪ್ಲಿ, ೩ ಆಗಸ್ಟ್ ೧೯೩೬

ಸಂಡೂರಿನ ಕೀರ್ತಿಶೇಷ ಎರ್ರಿಯಪ್ಪ ಪೈಲ್ವಾನರ ಹಿರಿಯ ಮಗನವರಿಗೆ, ಕಂಪ್ಲಿ ಕೋಟೆ ಗರಡಿಯ ಮುಖ್ಯಸ್ಥ ಜಡೆಪ್ಪನ ನಮಸ್ಕಾರಗಳು.

ತಮ್ಮ ಹೆಸರು ನನಗೆ ತಿಳಿಯದು. ಆದರೂ ಹುಲಿಯ ಹೊಟ್ಟೆಯಲ್ಲಿ ಹುಲಿಯೇ ಹುಟ್ಟಿರುತ್ತದೆ, ತಾವು ಸಂಡೂರಿನ ಕಣದಲ್ಲಿ ದಿನವೂ ಯಾರದಾದರೂ ಬೆನ್ನಿಗೆ ಮಣ್ಣು ಹಚ್ಚುತ್ತಿರುತ್ತೀರಿ ಎಂಬ ನಂಬಿಕೆಯಿಂದ ಈ ಕಾಗದ ಬರೆಯುತ್ತಿದ್ದೇನೆ. ನಾನು ಅಕ್ಕಿ ಗಿರಣಿ ನಡೆಸುವವನು. ಕುಸ್ತಿ ಹಿಡಿದದ್ದು ಕಡಿಮೆ, ದಂಡೆಗೆ ಕುಳಿತು ನೋಡಿದ್ದು ಹೆಚ್ಚು. ನನ್ನ ಹೊಟ್ಟೆ ನೋಡಿದವರು ಅದನ್ನು ತಾವೇ ಹೇಳುತ್ತಾರೆ.

ವಿಷಯ ಇಷ್ಟೇ. ನಮ್ಮ ಗರಡಿಯಲ್ಲಿ ಹನುಮಪ್ಪನ ಗೂಡಿನ ಪಕ್ಕ ಒಂದು ಮುದ್ಗರ ಇದೆ. ಭುಜದ ಸುತ್ತ ಬೀಸಿ ಮೈ ಸಾಧಿಸುವ ಮರದ ಮುದ್ಗರ. ಬಹಳ ವರ್ಷಗಳ ಹಿಂದೆ ತಮ್ಮ ತಂದೆಯವರು ಕಂಪ್ಲಿಗೆ ಬಂದಾಗ, ಮೆಟ್ರಿಯ ಗವಿಸಿದ್ದಪ್ಪನ ಜೊತೆ ಕುಸ್ತಿ ಬಿತ್ತಂತೆ. ನೆತ್ತಿಯ ಮೇಲಿದ್ದ ಹೊತ್ತು ಹೊಳೆಯಾಚೆ ಇಳಿದರೂ ಯಾರ ಬೆನ್ನೂ ನೆಲಕ್ಕೆ ತಾಗಲಿಲ್ಲವಂತೆ. ಸಮ ಎಂದು ಬಿಡಿಸಿದಾಗ ತಮ್ಮ ತಂದೆಯವರು ತಾವು ತಂದಿದ್ದ ಹೊಸ ಮುದ್ಗರವೊಂದನ್ನು ಸಹಿ ಹಾಕಿ ಗವಿಸಿದ್ದಪ್ಪನಿಗೆ ಕೊಟ್ಟರಂತೆ. ನಾನು ಆಗ ತೊಟ್ಟಿಲಲ್ಲಿದ್ದೆ.

ನಮ್ಮ ಗರಡಿಯ ಚರಿತ್ರೆ ಬರೆದಿಡುವ ಆಸೆ ಇದೆ. ಆದ್ದರಿಂದ ಇದು ನಿಜವೆಂದು ತಾವು ಒಂದು ಸಾಲು ಬರೆದು ಕಳಿಸಿದರೆ ಉಪಕಾರವಾದೀತು. ಬೇರೆ ವಿಶೇಷವೇನೂ ಇಲ್ಲ.

ಇಂತಿ,
ಜಡೆಪ್ಪ


ಸಂಡೂರು, ೧೧ ಆಗಸ್ಟ್ ೧೯೩೬

ಜಡೆಪ್ಪನವರಿಗೆ ನಮಸ್ಕಾರ.

ಎರ್ರಿಯಪ್ಪ ಪೈಲ್ವಾನರ ಹಿರಿಯ ಮಗ ನಾನೇ. ಕಿರಿಯ ಮಗನೂ ನಾನೇ. ಹೆಸರು ಗಾಳೆಮ್ಮ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಇಲ್ಲಿಯ ತನಕ ಯಾರ ಬೆನ್ನಿಗೂ ಮಣ್ಣು ಹಚ್ಚಿಲ್ಲ, ಹಚ್ಚಬೇಕೆನಿಸಿದ್ದುಂಟು.

ಅಪ್ಪ ತೀರಿಕೊಂಡ ಮೇಲೆ ಅವನ ಹೆಸರು ಹೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಹೋದ ವರ್ಷ ಒಬ್ಬರು ಮೊಣಕಾಲು ನೋವಿನ ಎಣ್ಣೆಯ ಸೀಸೆಗೆ ಅಪ್ಪನ ಚಿತ್ರ ಅಂಟಿಸಲು ಕೇಳಿದರು. ನೀವು ಎಣ್ಣೆಯವರಲ್ಲ, ಅಕ್ಕಿಯವರು ಎಂದು ಓದಿ ಸ್ವಲ್ಪ ಸಮಾಧಾನವಾಯಿತು.

ಅಪ್ಪನಿಗೆ ಸಮಜೋಡಿ ಇರಲಿಲ್ಲ. ಸಂಡೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಗವಿಸಿದ್ದಪ್ಪ ಎಂಬ ಹೆಸರನ್ನು ಅವನ ಬಾಯಲ್ಲಿ ನಾನು ಕೇಳಿದ್ದಿಲ್ಲ. ಆದರೂ ನೋಡದೆ ಇಲ್ಲ ಅನ್ನುವುದು ಸರಿಯಲ್ಲ. ಸಹಿಯ ಮೇಲೆ ತೆಳು ಕಾಗದ ಇಟ್ಟು, ಇದ್ದದ್ದನ್ನು ಇದ್ದ ಹಾಗೆ ತಿದ್ದಿ ಕಳಿಸಿ. ಅಪ್ಪನ ಅಕ್ಷರವನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ.

ಗಾಳೆಮ್ಮ


ಕಂಪ್ಲಿ, ೧೫ ಆಗಸ್ಟ್ ೧೯೩೬

ಮಾತೃಸಮಾನರಾದ ಗಾಳೆಮ್ಮನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಮಗ ಎಂದು ಬರೆದದ್ದಕ್ಕೆ ಕ್ಷಮೆ ಇರಲಿ. ಕಾಗದ ಓದಿ ನನ್ನ ಹೆಂಡತಿ ಸುವರ್ಣಮ್ಮ ಗಿರಣಿಯವರಿಗೆಲ್ಲ ಕೇಳುವ ಹಾಗೆ ನಕ್ಕಳು. "ಹೆಣ್ಣಮಗಳಿಗೆ ಹೋಗಿ ಹುಲಿ ಅಂತ ಬರದೀರಲ್ರೀ, ಒಂದ್ ಲೆಕ್ಕದಾಗ ಖರೇನ ಬರದೀರಿ ಬಿಡ್ರಿ" ಅಂದಳು.

ಕೇಳಿದ ನಕಲು ಇದರ ಜೊತೆಗಿದೆ. ಒಂದು ಗೀಟೂ ತಪ್ಪಿಲ್ಲ.

ಹೋದ ಕಾಗದದಲ್ಲಿ ಬೇರೆ ವಿಶೇಷವಿಲ್ಲ ಎಂದು ಬರೆದಿದ್ದೆ. ವಿಶೇಷ ಇದೆ. ಚರಿತ್ರೆ ಬರೆಯುವ ಮಾತು ನೆಪ. ನಾಗರಪಂಚಮಿಯ ಕುಸ್ತಿಗೆ ಹೊಸಪೇಟೆಯಿಂದ ತಾಯಪ್ಪ ಎಂಬ ಪೈಲ್ವಾನ ಬಂದಿದ್ದ. ಒಳ್ಳೆ ಕಸುವು ಇರುವ ಹುಡುಗ, ನಾಲಿಗೆಗೆ ಮಾತ್ರ ಲಂಗೋಟಿ ಇಲ್ಲ. ಮುದ್ಗರ ನೋಡಿದವನೇ ಕಣದ ಸುತ್ತ ಜನ ಕೂತಿರುವಾಗಲೇ, "ಯಾವನರೆ ಬೋರ್ಡ್ ಬರಿಯಾವನ ಕಡಿಂದ ಬರಸಿದ್ದು ಇರಬೇಕು ಬಿಡ್ರಿ. ಎರ್ರಿಯಪ್ಪ ಪೈಲ್ವಾನ್ರು ಈ ಮುದುಕನ ಜೋಡಿ ಸಮ ಆಡಿದ್ರಂತ! ಕೇಳಾಕ ಭಾಳ ಛಲೋ ಐತಿ" ಅಂದುಬಿಟ್ಟ. ಕೆಲವರು ನಕ್ಕರು.

ಗವಿಸಿದ್ದಪ್ಪ ನಮ್ಮ ಗುರು. ನಮ್ಮ ಊರಿನಲ್ಲಿ ಪಟ್ಟು ಕಲಿತವರೆಲ್ಲ ಅವನ ಕೈಯಲ್ಲೇ ಕಲಿತವರು. ಅವನು ಕೂಗಾಡಲಿಲ್ಲ. ಎದ್ದು ಕಣದಿಂದ ಹೊರಗೆ ಬಂದು, ಕಾಲಿನ ಮಣ್ಣು ಕೊಡವಿ, "ಅದು ಎರ್ರಿಯಪ್ಪನ ಕೈಬರಹ. ನನ್ನ ಕಣ್ಣ ಮುಂದ ಬರದಾನ. ಅದು ಖರೇ ಅಂತ ಆಗೋತನ ನಾ ಈ ಕಣದ ಮಟ್ಟಿ ತುಳಿಯಾಂಗಿಲ್ಲ" ಅಂದ. ಅಂದಿನಿಂದ ಹೊರಗಿನ ಬೇವಿನ ಕಟ್ಟೆಯ ಮೇಲೆ ಕುಳಿತು ಕಿಟಕಿಯಿಂದ ಪಾಠ ಹೇಳುತ್ತಾನೆ. ಅವನು ಎಡಗಾಲು ಎಂದರೆ ಒಳಗಿನವರು ಯಾರ ಎಡಗಾಲು ಎಂದು ತಿಳಿಯದೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಪ್ರತಿ ದಸರೆಗೆ ಕಣಕ್ಕೆ ಮೊದಲ ಹಿಡಿ ಮಣ್ಣು ಹಾಕುವವನು ಅವನೇ. ಈ ಸಲ ಹಾಕುವುದಿಲ್ಲವಂತೆ. ಅವನಿಗೆ ವಯಸ್ಸಾಗಿದೆ, ಅಮ್ಮಾ. ಸುಳ್ಳುಗಾರ ಅನ್ನಿಸಿಕೊಂಡು ಅವನು ಹೋಗುವುದನ್ನು ನನ್ನಿಂದ ನೋಡಲಾಗದು. ನನಗೆ ಅವನೆಂದರೆ ಜೀವ.

ಜಡೆಪ್ಪ


ಸಂಡೂರು, ೨೧ ಆಗಸ್ಟ್ ೧೯೩೬

ಜಡೆಪ್ಪನವರಿಗೆ,

ನೀವು ತೊಟ್ಟಿಲಲ್ಲಿದ್ದಾಗ ನಾನು ಹುಟ್ಟೇ ಇರಲಿಲ್ಲ. ಮಾತೃಸಮಾನ, ಸಾಷ್ಟಾಂಗ ಎಲ್ಲ ಬಿಡಿ. ಆ ಹೊಟ್ಟೆ ಇಟ್ಟುಕೊಂಡು ಸಾಷ್ಟಾಂಗ ಹಾಕುವುದು ನಿಮಗೂ ಕಷ್ಟ.

ನಕಲು ನೋಡಿದೆ. ಇದು ಅಪ್ಪನ ಅಕ್ಷರವಲ್ಲ.

ಅಪ್ಪ ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ, ಗರಡಿಯ ಗೋಡೆಯ ಮೇಲೆ ಇದ್ದಲಿನಿಂದ. ಜಾಗದ ಅಂದಾಜು ಅವನಿಗೆ ಕೊನೆಯವರೆಗೂ ಸಿಕ್ಕಲಿಲ್ಲ. ಮೊದಲ ಅಕ್ಷರ ಆನೆಯಷ್ಟು, ಕೊನೆಯದು ಇರುವೆಯಷ್ಟು. ಸಾಲು ಎಡಗಡೆ ನೆಲದಲ್ಲಿ ಹುಟ್ಟಿದರೆ ಬಲಗಡೆ ನಮ್ಮ ಗುಡ್ಡ ಹತ್ತಿರುತ್ತಿತ್ತು. ನೀವು ಕಳಿಸಿದ 'ಎರ್ರಿಯಪ್ಪ' ಪ್ರಾರ್ಥನೆಗೆ ನಿಂತ ನನ್ನ ಹುಡುಗಿಯರ ಸಾಲಿನಂತಿದೆ. ಇದು ಮಾಸ್ತರರ ಬೆತ್ತ ತಿಂದು ತಿದ್ದಿಕೊಂಡ ಕೈ. ಅಪ್ಪನಿಗೆ ಬೆತ್ತ ತೋರಿಸುವ ಮಾಸ್ತರ ಈ ಸೀಮೆಯಲ್ಲಿ ಹುಟ್ಟಿರಲಿಲ್ಲ.

ಹೊಸಪೇಟೆಯ ತಾಯಪ್ಪ ಅಂದದ್ದು ಸರಿ, ಅಂದ ರೀತಿ ತಪ್ಪು. ಮುದುಕರಿಗೆ ನೋವಾಗದ ಹಾಗೆ ಹೇಳಿ. ವಯಸ್ಸಾದ ಮೇಲೆ ಕಂಡದ್ದು, ಕೇಳಿದ್ದು, ಬಯಸಿದ್ದು ಒಂದರೊಳಗೊಂದು ಬೆರೆಯುತ್ತವೆ.

ನನಗೆ ಇದರಿಂದ ಸಂತೋಷವಾಗಿದೆ ಎಂದು ತಿಳಿಯಬೇಡಿ.

ಗಾಳೆಮ್ಮ


ಕಂಪ್ಲಿ, ೧೨ ಸೆಪ್ಟೆಂಬರ್ ೧೯೩೬

ಗಾಳೆಮ್ಮನವರಿಗೆ ನಮಸ್ಕಾರ (ನಿಂತುಕೊಂಡೇ).

ಉತ್ತರ ತಡವಾಯಿತು. ಮೊದಲು ದುಃಖದಿಂದ, ಆಮೇಲೆ ನಾಚಿಕೆಯಿಂದ.

ನಿಮ್ಮ ಕಾಗದ ಜೇಬಿನಲ್ಲಿಟ್ಟುಕೊಂಡು ತಿರುಗಿದೆನೇ ಹೊರತು ಗವಿಸಿದ್ದಪ್ಪನ ಮುಂದೆ ಬಾಯಿ ಬಿಡಲಾಗಲಿಲ್ಲ. ಅವನು ಕಟ್ಟೆಯ ಮೇಲಿಂದ, "ಕಾಗದ ಬಂತೇನೋ ಜಡೆಪ್ಪ?" ಅನ್ನುವುದು, ನಾನು "ಅಂಚೆಯವನಿಗೆ ಜ್ವರ" ಅನ್ನುವುದು. ಪಾಪ, ಆ ಅಂಚೆಯವನು ಅದೇ ದಾರಿಯಲ್ಲಿ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದ.

ಕೊನೆಗೆ ತಡೆಯಲಾರದೆ ನಮ್ಮ ಶಾಲೆಯ ಕೊಟ್ರಯ್ಯ ಮಾಸ್ತರರಿಗೆ ಓದಿ ಹೇಳಿದೆ. ಅವರೂ ಗರಡಿಯ ಭಕ್ತರೇ. 'ಮಾಸ್ತರರ ಬೆತ್ತ ತಿಂದ ಕೈ' ಎಂಬಲ್ಲಿಗೆ ಬಂದಾಗ ಅವರು ತಮ್ಮ ಬಲಗೈಯನ್ನು ಪಂಚೆಯೊಳಗೆ ಮುಚ್ಚಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಜಡೆಪ್ಪ, ಅದು ನನ್ನ ಅಕ್ಷರ ಅಲ್ಲೇನ್ರೀ" ಅಂದರು.

ಆದದ್ದು ಹೀಗೆ. ಆಯುಧಪೂಜೆಗೆ ನಾವು ಗರಡಿಯ ಸಾಮಾನೆಲ್ಲ ತೊಳೆದು ಕೆಮ್ಮಣ್ಣಿನ ಜಾಜು ಬಳಿಯುತ್ತೇವೆ. ಮುದ್ಗರಕ್ಕೂ ಬಳಿಯುತ್ತೇವೆ. ಬಳಿದರೆ ಸಹಿ ಮುಚ್ಚಿಹೋಗುತ್ತದಲ್ಲ? ಅದಕ್ಕೆ ಅದರ ಮೇಲೆ ಸುಣ್ಣದಲ್ಲಿ ಮತ್ತೆ ಬರೆಯುತ್ತೇವೆ. ಕೊಟ್ರಯ್ಯನವರ ಕೈ ದುಂಡಗಿದೆ ಎಂದು ಈಚೆಗೆ ಅವರೇ ಬರೆಯುತ್ತಾರೆ. ಅವರ ಮೊದಲು ಬಸ್ಸಿನ ಮೇಲೆ ಊರ ಹೆಸರು ಬರೆಯುವವನೊಬ್ಬ ಬರೆಯುತ್ತಿದ್ದ. ಅವನ ಮೊದಲು ಯಾರೋ. ನೀವು ನೋಡಿದ್ದು ಹೋದ ದಸರೆಯ ಸಹಿ!

ಇದು ತಪ್ಪು ಎಂದು ಇಡೀ ಕಂಪ್ಲಿಯಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ದೇವರ ಕಣ್ಣಿಗೆ ವರ್ಷವರ್ಷ ಬಣ್ಣ ಹಚ್ಚುತ್ತೇವೆ, ಅದರಿಂದ ದೇವರು ಸುಳ್ಳಾದಾನೆ? ಹಳೆಯದಾದರೆ ಹೊಸತು ಮಾಡುವುದು ಭಕ್ತಿ ಎಂದೇ ತಿಳಿದಿದ್ದೆವು. ತಾಯಪ್ಪ ಬೋರ್ಡ್ ಬರೆಯುವವನು ಎಂದದ್ದು ಅಷ್ಟರಮಟ್ಟಿಗೆ ನಿಜವಾಯಿತು, ಅದೇ ನನ್ನ ಹೊಟ್ಟೆ ಉರಿ.

ಈಗ ಏನು ಮಾಡುವುದು ಹೇಳಿ.

ಜಡೆಪ್ಪ


ಸಂಡೂರು, ೧೬ ಸೆಪ್ಟೆಂಬರ್ ೧೯೩೬

ಜಡೆಪ್ಪನವರಿಗೆ,

ನಿಮ್ಮ ಕಾಗದವನ್ನು ತರಗತಿಯಲ್ಲಿ ಓದಿದ್ದು ತಪ್ಪಾಯಿತು. ನಾನು ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಯಾಕೆಂದು ತಿಳಿಯದೆ ಹುಡುಗಿಯರೂ ನಕ್ಕರು. ಪಕ್ಕದ ತರಗತಿಯವರು ಬಂದು ಬಾಗಿಲಲ್ಲಿ ನಿಂತರು. ಭೂಗೋಳ ಅಲ್ಲಿಗೇ ನಿಂತಿತು. ದೇವರಾಣೆ, ನಿಮ್ಮ ಊರಿನವರಷ್ಟು ಶ್ರದ್ಧೆಯಿಂದ ಸಾಕ್ಷಿ ಅಳಿಸಿದವರನ್ನು ನಾನು ಕೇಳಿಲ್ಲ.

ಈಗ ಕೆಲಸದ ಮಾತು. ಚಾಕು, ಉಳಿ ಯಾವುದನ್ನೂ ಮುಟ್ಟಿಸಬೇಡಿ. ಅಪ್ಪ ಮರದ ಮೇಲೆ ಬರೆಯುತ್ತಿದ್ದದ್ದು ಗೇರುಕಾಯಿಯಿಂದ. ಅಗಸರು ಬಟ್ಟೆಗೆ ಗುರುತು ಹಾಕುತ್ತಾರಲ್ಲ, ಅದೇ. ಕಾಯಿಯನ್ನು ಬಿಸಿ ಮಾಡಿ ಜಾಲಿ ಮುಳ್ಳು ಚುಚ್ಚಿ, ಆ ಮುಳ್ಳಿನಿಂದ ಬರೆಯುವುದು. ಪ್ರತಿ ಸಲ ಬೆರಳಿಗೆ ಗುಳ್ಳೆ ಏಳುತ್ತಿತ್ತು, ಅವ್ವ ಬೈಯುತ್ತಿದ್ದಳು. ಅದರ ಕಪ್ಪು ಯಾವ ನೀರಿಗೂ ಹೋಗುವುದಿಲ್ಲ. ನಿಮ್ಮ ಜಾಜು, ಸುಣ್ಣ ಹೋಗುತ್ತವೆ. ಅಂಟುವಾಳದ ನೊರೆಯಲ್ಲಿ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಉಜ್ಜಿ.

ಕೆಳಗೆ ಅಪ್ಪನ ಅಕ್ಷರ ಇದ್ದರೆ ಕಾಣುತ್ತದೆ. ಏನೂ ಇಲ್ಲದಿದ್ದರೆ ಅದೂ ಕಾಣುತ್ತದೆ. ತೊಳೆಯುವ ಮೊದಲು ಮುದುಕರನ್ನು ಕೇಳಿ. ಆ ಕಡೆಯೂ ಈ ಕಡೆಯೂ ಬಿಡಿಸಲಾಗದ ಪಟ್ಟು ಇದು.

ಗಾಳೆಮ್ಮ


ಕಂಪ್ಲಿ, ೨೭ ಸೆಪ್ಟೆಂಬರ್ ೧೯೩೬

ಗಾಳೆಮ್ಮನವರಿಗೆ,

ತೊಳೆದೆವು. ಮುಗಿಯಿತು.

ಗವಿಸಿದ್ದಪ್ಪನನ್ನು ಕೇಳಿದೆ. "ತೊಳೀರಿ. ನಾ ಏನ್ ಹೆದರತೀನೇನು?" ಅಂದ. ಬೇವಿನ ಕಟ್ಟೆಯ ಹತ್ತಿರವೇ ಕಡಾಯಿ ಇಟ್ಟೆವು. ಅರ್ಧ ಊರು ಸೇರಿತ್ತು. ಸುವರ್ಣಮ್ಮ ತಾನೇ ಸೆರಗು ಸಿಕ್ಕಿಸಿಕೊಂಡು ಉಜ್ಜಲು ಕುಳಿತಳು. ಗಂಡಸರ ಕೈಗೆ ಕೊಟ್ಟರೆ ಮರವನ್ನೂ ತೊಳೆದು ಬಿಡುತ್ತಾರೆ ಅಂತ. ಕೆಂಪು ಹೋಯಿತು, ಬಿಳುಪು ಬಂತು. ಬಿಳುಪು ಹೋಯಿತು, ಮತ್ತೆ ಕೆಂಪು. ಒಂದೊಂದು ಪದರಕ್ಕೂ ಒಂದೊಂದು ಎರ್ರಿಯಪ್ಪ. ಒಬ್ಬ ಉದ್ದ, ಒಬ್ಬ ಗಿಡ್ಡ, ಒಬ್ಬ ಹೂಬಳ್ಳಿ ಸುತ್ತಿಕೊಂಡವನು. ಜನ ನಗುತ್ತಿದ್ದರು, ನಾನೂ ನಕ್ಕೆ. ಕೊನೆಗೆ ಬರೀ ಮರ, ಅದರ ಮೇಲೆ ಕಪ್ಪು ಅಕ್ಷರ. ಎಲ್ಲರೂ ಕೇಕೆ ಹಾಕಿದರು.

ಕೊಟ್ರಯ್ಯ ಮಾಸ್ತರರು ಬಗ್ಗಿ ಓದಲು ಹೋದವರು ಹಾಗೇ ನಿಂತರು. ನಾನೂ ಬಗ್ಗಿ ನೋಡಿದೆ.

ಎರ್ರಿಯಪ್ಪ ಎಂದು ಇರಲಿಲ್ಲ. 'ಗವಿಸಿದ್ದಪ್ಪ' ಎಂದಿತ್ತು.

ಅವನು ಓದುಬರಹ ಬಲ್ಲವನಲ್ಲ. "ಏನ್ ಬರದೈತಿ, ಓದ್ರಿ" ಅಂದ. ಯಾರೂ ಓದಲಿಲ್ಲ. ನನ್ನ ಮುಖ ನೋಡಿದ. ನಾನು ಸುಳ್ಳು ಹೇಳಬಹುದಿತ್ತು, ನಾಲಿಗೆ ಹೊರಳಲಿಲ್ಲ. ಹೇಳಿದೆ. ಹಿಂದಿನಿಂದ ಯಾರೋ, "ತನ್ನ ಹೆಸರು ಬರಸಿಕೊಂಡು ಎರ್ರಿಯಪ್ಪಂದು ಅಂತ ಹೇಳ್ಯಾನ" ಅಂದರು. ಗವಿಸಿದ್ದಪ್ಪ ಹೆಗಲಿನ ಟವೆಲ್ ಝಾಡಿಸಿಕೊಂಡು ಮೆಟ್ರಿಯ ದಾರಿ ಹಿಡಿದ. ಮತ್ತೆ ಈ ಕಡೆ ಬಂದಿಲ್ಲ.

ಬಣ್ಣ ಬಳಿಯುವ ಮೊದಲು ಅದನ್ನು ಓದಬಲ್ಲವರು ಗರಡಿಯಲ್ಲಿ ಯಾರೂ ಇರಲಿಲ್ಲವೆಂದು ಕಾಣುತ್ತದೆ. ಎರ್ರಿಯಪ್ಪನ ಸಹಿ ಎಂದು ಕೇಳಿದವರು ಎರ್ರಿಯಪ್ಪ ಎಂದೇ ಬರೆದರು. ಅವನು ಸುಳ್ಳು ಹೇಳಿದನೆಂದು ನನಗೆ ಇನ್ನೂ ಅನ್ನಿಸುವುದಿಲ್ಲ. ಆದರೆ ಅನ್ನಿಸುವುದಿಲ್ಲ ಎಂಬುದು ಸಾಕ್ಷಿ ಆಗದಲ್ಲ.

ಆ ಅಕ್ಷರದ ನಕಲನ್ನೂ ಇಟ್ಟಿದ್ದೇನೆ. ಇನ್ನು ಅದರಿಂದ ಉಪಯೋಗವಿಲ್ಲ. ನಿಮಗೆ ಕೊಟ್ಟ ತೊಂದರೆಗೆ ಕ್ಷಮಿಸಿ.

ಜಡೆಪ್ಪ


ತಂತಿ. ಸಂಡೂರು, ೩೦ ಸೆಪ್ಟೆಂಬರ್ ೧೯೩೬

ಅಪ್ಪನದೇ ಕೈ. ಮುದುಕರನ್ನು ಕರೆತನ್ನಿ. ಕಾಗದ ಬರುತ್ತಿದೆ. ಗಾಳೆಮ್ಮ.


ಸಂಡೂರು, ೩೦ ಸೆಪ್ಟೆಂಬರ್ ೧೯೩೬

ಜಡೆಪ್ಪನವರೇ,

ಈ ಕಾಗದ ಮುಟ್ಟುವ ಮೊದಲು ತಂತಿ ಮುಟ್ಟಿರಬೇಕು. ನನ್ನ ಜೀವಮಾನದಲ್ಲಿ ಕೊಟ್ಟ ಮೊದಲ ತಂತಿ. ಅಂಚೆ ಮನೆಯವರು ಯಾರು ಹೋದರು ಎಂದು ಕೇಳಿದರು. ಯಾರೂ ಹೋಗಿಲ್ಲ, ಒಬ್ಬರು ಸಿಕ್ಕಿದ್ದಾರೆ ಅಂದೆ.

ನಿಮ್ಮ ಲಕೋಟೆಯಿಂದ ಆ ಹಾಳೆ ಜಾರಿ ಬಿದ್ದಾಗ ನಾನು ಇನ್ನೂ ಕಾಗದ ಓದಿರಲಿಲ್ಲ. ನೆಲದ ಮೇಲೆ ಅಪ್ಪ ಬಿದ್ದಿದ್ದ. 'ಗ' ಆನೆಯಷ್ಟು. 'ವಿ' ಎತ್ತಿನಷ್ಟು. 'ಸಿ' ಬರುವ ಹೊತ್ತಿಗೆ ಅವನಿಗೆ ಗಾಬರಿ ಹುಟ್ಟಿದೆ. ಕೊನೆಯ 'ಪ್ಪ'ಕ್ಕೆ ಜಾಗವೇ ಉಳಿಯದೆ ಅದು 'ದ್ದ'ದ ಹೆಗಲ ಮೇಲೆ ಕೂಸಿನ ಹಾಗೆ ಕುಳಿತಿದೆ. ಸಾಲು ಗುಡ್ಡ ಹತ್ತಿದೆ. ಇದನ್ನು ಅವನಲ್ಲದೆ ಯಾರೂ ಬರೆಯಲಾರರು; ಬರೆಯಲು ಕೂತರೂ ಇಷ್ಟು ಕೆಡಿಸಲಾರರು.

ಇನ್ನು ಹೆಸರಿನ ಮಾತು. ನಿಮ್ಮ ಕಂಪ್ಲಿಯಲ್ಲಿ ಹೇಗೋ ತಿಳಿಯದು, ನಮ್ಮ ಗರಡಿಯಲ್ಲಿ ಮುದ್ಗರದ ಮೇಲೆ ಇರುವುದು ಬೀಸುವವನ ಹೆಸರು. ಹೆಸರಿದ್ದವನೇ ಬೀಸಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಮುದ್ಗರ ಒಬ್ಬರಿಗೆ ಕೊಡುವುದೆಂದರೆ ಅವರ ಹೆಸರು ಬರೆದು ಕೊಡುವುದು. ಅಪ್ಪ ಯಾರಿಗಾದರೂ ಕೊಟ್ಟಿದ್ದ ಎಂದು ನಾನು ಕೇಳಿರಲಿಲ್ಲ. ದೊಡ್ಡ ದೊಡ್ಡವರು ಕೇಳಿದರೂ ಕೊಡಲಿಲ್ಲ. ಮುದುಕರು ಸಹಿ ಕೇಳಿದ್ದಾರೆ, ಇವನು ನಕ್ಕು ಅವರ ಹೆಸರನ್ನೇ ಬರೆದಿದ್ದಾನೆ. ಅವನು ಹಾಗೇ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ. ನನ್ನ ಅವ್ವನೂ ಜೀವಮಾನವಿಡೀ ಅದನ್ನೇ ಅನ್ನುತ್ತಿದ್ದಳು.

ಒಂದು ಮಾತು ನಿಮಗೆ ಹೇಳಬೇಕು. ಇದು ಸುಳ್ಳಾಗಲಿ ಎಂದೇ ನಾನು ಮೊದಲಿನಿಂದ ಬಯಸುತ್ತಿದ್ದೆ. ಸಮನಾದವನೊಬ್ಬ ಇದ್ದ ಎಂದರೆ ಅಪ್ಪ ಒಂದು ಗೇಣು ಗಿಡ್ಡವಾದ ಹಾಗೆ ಅನ್ನಿಸುತ್ತಿತ್ತು. ಇವತ್ತು ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಕುಳಿತಿದ್ದೇನೆ. ಇಡೀ ಸೀಮೆ ಅವನ ಹೆಸರು ಹೇಳುತ್ತಿದ್ದ ಕಾಲದಲ್ಲಿ ಅವನು ಬೆರಳಿಗೆ ಗುಳ್ಳೆ ಬರಿಸಿಕೊಂಡು ಇನ್ನೊಬ್ಬರ ಹೆಸರು ಬರೆದಿದ್ದಾನೆ. ಸಂತೋಷಕ್ಕೆ ಅಳು ಬರುತ್ತದೆ ಅನ್ನುವುದನ್ನು ಕತೆ ಅಂದುಕೊಂಡಿದ್ದೆ.

ಅವರಿಗೆ ಹೇಳಿ. ಬೇಗ ಹೇಳಿ.

ಗಾಳೆಮ್ಮ


ಕಂಪ್ಲಿ, ೬ ಅಕ್ಟೋಬರ್ ೧೯೩೬

ತಂಗಿ ಗಾಳೆಮ್ಮನಿಗೆ ಅಣ್ಣ ಜಡೆಪ್ಪನ ಆಶೀರ್ವಾದಗಳು. (ಇದಕ್ಕೂ ತಕರಾರು ಇದ್ದರೆ ಬರೆಯಿರಿ.)

ತಂತಿ ಬಂದ ಕೂಡಲೇ ಗಿರಣಿ ನಿಲ್ಲಿಸಿ ಗಾಡಿ ಕಟ್ಟಿಸಿ ಮೆಟ್ರಿಗೆ ಹೋದೆ. ಮುದುಕ ಗದ್ದೆಯ ಬದುವಿನ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದ. ಕೈ ನಿಮ್ಮ ಅಪ್ಪನದು ಎಂಬುದು ಗೊತ್ತಾಗಿತ್ತು, ಹೆಸರು ಮಾತ್ರ ಮುದುಕನದೇ ಯಾಕೆ ಎಂದು ಆಗ ನನಗೂ ತಿಳಿದಿರಲಿಲ್ಲ. "ತಂತಿನ್ಯಾಗ ಎಲ್ಲಾ ಹಿಡಸಂಗಿಲ್ಲ, ಕಾಗದ ಬರಲಿ" ಅಂದ, ತಿರುಗಿ ನೋಡಲಿಲ್ಲ. ಕಾಗದ ಬಂದ ದಿನ ಮತ್ತೆ ಓಡಿದೆ. ಅವನ ಹೆಂಡತಿ ಬಸಕ್ಕ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇಬ್ಬರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ.

ಓದಿ ಮುಗಿಸಿದೆ. ಅಳುತ್ತಾನೆ ಅಂದುಕೊಂಡೆ. ಒಮ್ಮೆಗೇ ಎರಡೂ ಕೈಯಿಂದ ಗಲ್ಲ ಬಡಿದುಕೊಂಡ.

"ಅಂದ್ರ ಇಷ್ಟು ವರ್ಷ ನಾ ನನ್ನ ಹೆಸರಿಗೇ ಕಾಯಿ ಒಡದೆನೇನಲೇ? ದಿನಾ ಮುಂಜಾನೆ ಎದ್ದು ನನಗ ನಾನ ಅಡ್ಡಬಿದ್ದೆನೇನು? ಶಿವ ಶಿವಾ! ಇದಕ್ಕ ಏನ್ ಪ್ರಾಯಶ್ಚಿತ್ತ ಐತೋ?"

ಬಸಕ್ಕ ಮೊರ ಕೆಳಗಿಟ್ಟು ನಕ್ಕಳು ನೋಡಿ, ಕಣ್ಣೀರು ಬರುವ ತನಕ. "ಈ ಮುದುಕಗ ತನ್ನದ ದೊಡ್ಡದು ಅಂತ ನಾ ಬಂದ ದಿವಸ ಹೇಳಿದ್ದೆ. ಯಾರ್ ಕೇಳಿದ್ರಿ ನನ್ನ ಮಾತು?" ಅಂದಳು.

ಆಮೇಲೆ ಅವನು ಆ ಅಕ್ಷರಗಳ ಕಡೆ ಬಂದ. 'ಗ' ಎಷ್ಟು ದೊಡ್ಡದು ಎಂದು ಕೈಯಲ್ಲಿ ಅಳತೆ ತೋರಿಸಲು ಹೇಳಿದ. ಕೂಸು ಹೆಗಲ ಮೇಲೆ ಕುಳಿತ ಸಾಲನ್ನು ಮತ್ತೆ ಓದಿಸಿದ. ದಿಟ್ಟಿ ನೆಟ್ಟು ಎಲ್ಲಿಯೋ ನೋಡುತ್ತ, "ನಕ್ಕಿದ್ದ ಅವ. ನನಗ ಅದು ಈಗ ನೆನಪಾಗತೈತಿ. ಭಾಳ ನಕ್ಕಿದ್ದ" ಅಂದ.

ಎಲ್ಲ ಸರಿಹೋಯಿತು, ನಡಿ ಗರಡಿಗೆ ಅಂದೆ. ಅವನು ಏಳಲಿಲ್ಲ!

"ಕೈಬರಹ ಖರೇ ಆತು. ಆದ್ರ ನಾ ಕೇಳಿದ್ದು ಸಹಿ. ಅವ ಕೊಟ್ಟಿದ್ದು ನನ್ನ ಹೆಸರು. ಸಹಿ ಬಾಕಿ ಉಳದೈತಿ. ಸಹಿ ಐತಿ ಅಂತ ಊರ ತುಂಬ ಹೇಳೀನಿ, ಆ ಮಾತು ಇನ್ನ ಖರೇ ಆಗಿಲ್ಲ. ಆ ಹೆಣ್ಣಮಗಳಿಗೆ ಬಾ ಅನ್ನು. ಅಪ್ಪಂದು ಮಗಳು ಹಾಕಿಕೊಡಲಿ. ಆಮ್ಯಾಲ ಮಟ್ಟಿ ತುಳೀತೀನಿ."

ಈ ಕೋಣನ ಹಟಕ್ಕೆ ಏನು ಮಾಡಬೇಕು? ದಸರೆ ಹತ್ತಿರ ಬಂತು. ನಿಮಗೆ ರಜೆ ಇರುತ್ತದೆ. ಸುವರ್ಣಮ್ಮ ಆಗಲೇ ಕೋಣೆ ಸಾರಿಸಿ ಇಟ್ಟಿದ್ದಾಳೆ.

ಜಡೆಪ್ಪ


ಸಂಡೂರು, ೧೨ ಅಕ್ಟೋಬರ್ ೧೯೩೬

ಅಣ್ಣನವರಿಗೆ (ತಕರಾರಿಲ್ಲ),

ಮ್ಯಾಂಗನೀಸ್ ಅದಿರಿನ ರೈಲುಗಾಡಿಯಲ್ಲಿ ಹೊಸಪೇಟೆಗೆ ಬಂದು, ಅಲ್ಲಿಂದ ಬಸ್ಸಿಗೆ ಬರುತ್ತೇನೆ. ಕೆಂಪು ಧೂಳು ಮೆತ್ತಿಕೊಂಡ ಹೆಂಗಸು ಇಳಿದರೆ ಅದು ನಾನೇ. ಯಾರಾದರೂ ಜಾಜು ಬಳಿದಾರು ಎಂದು ಹೆದರಬೇಕಿಲ್ಲ, ಬಳಿದುಕೊಂಡೇ ಬಂದಿರುತ್ತೇನೆ.

ಮುದುಕರಿಗೆ ಮೊದಲೇ ಹೇಳಿಡಿ. ಅಪ್ಪನ ಅಕ್ಷರವನ್ನು ಅನುಕರಿಸುವುದು ನನಗೆ ಕಷ್ಟವಲ್ಲ. ನಿನ್ನೆ ಸ್ಲೇಟಿನ ಮೇಲೆ ಬರೆದು ನೋಡಿದೆ, ನನಗೇ ಮೋಸವಾಗುವಷ್ಟು ಬಂತು. ತಕ್ಷಣ ಅಳಿಸಿದೆ. ಎರಡು ತಿಂಗಳು ಅಸಲಿ ನಕಲಿ ಎಂದು ತೀರ್ಪು ಕೊಟ್ಟವಳು ಖೊಟ್ಟಿ ಸಹಿ ಹಾಕಲಾರೆ. ನನ್ನ ಹೆಸರನ್ನು ನನ್ನ ಅಕ್ಷರದಲ್ಲಿ ಬರೆಯುತ್ತೇನೆ. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಅವರು ಕಟ್ಟೆಯ ಮೇಲೆ, ನಾನು ನಿಮ್ಮ ಅಡುಗೆಮನೆಯಲ್ಲಿ. ಯಾರ ಹಟ ಮೊದಲು ಸೋಲುತ್ತದೋ ನೋಡೋಣ. ಗೇರುಕಾಯಿ ತರಿಸಿಡಿ.

ಗಾಳೆಮ್ಮ


ಕಂಪ್ಲಿ, ೨ ನವೆಂಬರ್ ೧೯೩೬

ತಂಗಿ ಗಾಳೆಮ್ಮನಿಗೆ,

ಸುಖವಾಗಿ ಮುಟ್ಟಿದ್ದು ತಿಳಿದು ಸಂತೋಷ. ಬೆರಳಿನ ಗುಳ್ಳೆ ಒಡೆಯಿತೆ? ಸುವರ್ಣಮ್ಮ ಕೊಬ್ಬರಿ ಎಣ್ಣೆ ಹಚ್ಚು ಎಂದು ಬರೆಯಲು ಹೇಳಿದ್ದಾಳೆ. ನೀವು ಹೋದ ಮೇಲೆ ಅವಳಿಗೆ ನನ್ನ ಜೊತೆ ನಗುವುದು ಸಪ್ಪೆ ಅನ್ನಿಸುತ್ತಿದೆಯಂತೆ.

ನೀವು ಇದ್ದಾಗಿನ ಕತೆ ನಿಮಗೆ ಗೊತ್ತು. ನೀವು ಹೆಸರು ಬರೆದು ಮುಗಿಸಿದಾಗ ಮುದುಕ ಒಪ್ಪಿದನೋ ಇಲ್ಲವೋ ಎಂದು ಒಂದು ಮಾತೂ ಆಡದೆ, ಸೀದಾ ಕಣಕ್ಕಿಳಿದು ಹಿಡಿ ಮಣ್ಣು ಹಾಕಿಬಿಟ್ಟನಲ್ಲ. ಹೋಗುವಾಗ ಬಸ್ಸಿನ ಕಿಟಕಿಯಿಂದಲೂ ನೀವು ಅದನ್ನೇ ಕೇಳಿದಿರಿ. ಅದಕ್ಕೆ ಉತ್ತರ ನಿನ್ನೆ ಸಿಕ್ಕಿತು.

ದಸರೆಗೆ ಹೊಸಪೇಟೆಯಲ್ಲೇ ಕುಸ್ತಿ ಇದ್ದದ್ದರಿಂದ ತಾಯಪ್ಪ ಬಂದಿರಲಿಲ್ಲವಲ್ಲ, ನಿನ್ನೆ ಬಂದ. ಸುದ್ದಿ ಅವನಿಗೂ ಮುಟ್ಟಿತ್ತು. ಗವಿಸಿದ್ದಪ್ಪ ಕಣದಲ್ಲಿ ಮುದ್ಗರ ಬೀಸುತ್ತಿದ್ದ. ಹೌದು, ಈಗ ದಿನವೂ ಬೀಸುತ್ತಾನೆ. "ಬೀಸು ಅಂತ ಕೊಟ್ಟಿದ್ದ ಅವ, ನಾ ಕುಂಕುಮ ಹಚ್ಚಿ ಕುಂದ್ರಿಸಿದ್ದೆ" ಅನ್ನುತ್ತಾನೆ. ನಾಲ್ಕು ಸಲ ತಿರುಗಿಸಿದರೆ ದಮ್ಮು ಹತ್ತುತ್ತದೆ, ಆದರೂ ಬಿಡುವುದಿಲ್ಲ.

ತಾಯಪ್ಪ ದಂಡೆಯಲ್ಲಿ ನಿಂತು, "ಕೊಡ್ರಿ ಇಲ್ಲಿ, ನೋಡೂಣು" ಅಂದ. ಬೆಳಕಿಗೆ ಹಿಡಿದು ಓದಿದ. ಮೇಲೆ ಗವಿಸಿದ್ದಪ್ಪ, ಕೆಳಗೆ ಗಾಳೆಮ್ಮ. ತಿರುಗಿಸಿ ತಿರುಗಿಸಿ ನೋಡಿದ.

"ಎರ್ರಿಯಪ್ಪ ಪೈಲ್ವಾನ್ರ ಸಹಿ ಎಲ್ಲೈತ್ರಿ ಇದರಾಗ? ಒಂದು ನಿಮ್ಮ ಹೆಸರು. ಇನ್ನೊಂದು ಯಾರೋ ಹೆಣ್ಣಮಗಳದು."

ನನಗೆ ಸಿಟ್ಟು ಬಂದು ಏನೋ ಅನ್ನಲು ಹೋದೆ. ಮುದುಕ ಕೈ ಅಡ್ಡ ಹಿಡಿದ. ಮುದ್ಗರದ ಮೇಲೆ ಬೆರಳಿಟ್ಟು ತೋರಿಸಿದ; ಓದಲು ಬಾರದಿದ್ದರೂ ಯಾವುದು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತು.

"ಇದು ಅವ ಬರದದ್ದು. ಇದು ಅವ ಹಡದದ್ದು. ಇನ್ಯಾವ ಸಹಿ ಬೇಕಲೇ ನಿನಗ?"

ತಾಯಪ್ಪ ಮುದ್ಗರವನ್ನು ಎರಡೂ ಕೈಯಿಂದ ಅವನಿಗೆ ಕೊಟ್ಟು, ಕಾಲು ಮುಟ್ಟಲು ಬಗ್ಗಿದ. ಗವಿಸಿದ್ದಪ್ಪ ಹಿಂದೆ ಸರಿದ.

"ಕಾಲು ಬ್ಯಾಡ, ಕೈ ಕೊಡು. ಸಮ ಆಡಿದ್ನೋ ಇಲ್ಲೋ ನೋಡಾಕ ಬಂದೀಯಲ್ಲ? ಇಳಿ ಮಟ್ಟಿಗೆ."

ತಾಯಪ್ಪ ನಗುತ್ತ ಅಂಗಿ ತೆಗೆದ. ಅವನಿಗಿಂತ ಮೊದಲು ಮುದುಕ ಇಳಿದು ತೊಡೆ ತಟ್ಟಿ ನಿಂತಿದ್ದ. ಬಿಡಿಸಲು ಹೋದ ನನ್ನನ್ನು, ಗಂಡನಿಗೆ ಬುತ್ತಿ ತಂದಿದ್ದ ಬಸಕ್ಕ ಹಿಡಿದು ಕೂರಿಸಿದಳು.

ಜಡೆಪ್ಪ